ಒಬ್ಬರಿಗೆ ಅರವತ್ತು ಗಂಟೆ, ಇನ್ನೊಬ್ಬರಿಗೆ ಸೊನ್ನೆ: ದಿವಾಳಿ ಕೇಸಿನ ವಕೀಲರು ಓದುವುದು ಯಾವಾಗ?

ಪೀಣ್ಯದಲ್ಲಿ ಒಂದು ಸಣ್ಣ ವರ್ಕ್‌ಶಾಪ್ ಇದೆ ಅಂತ ಇಟ್ಟುಕೊಳ್ಳಿ. ದೊಡ್ಡ ಕಂಪನಿಯೊಂದಕ್ಕೆ ವರ್ಷಗಟ್ಟಲೆ ಬಿಡಿಭಾಗ ಮಾಡಿಕೊಟ್ಟಿದ್ದಾರೆ, ಬಿಲ್ಲು ಬಾಕಿ ಬಿದ್ದು ಬಿದ್ದು 80 ಲಕ್ಷ ಆಗಿದೆ. ಮಾಲೀಕರು ತಮಗೆ ಗೊತ್ತಿರುವ ವಕೀಲರ ಹತ್ತಿರ ಹೋಗುತ್ತಾರೆ. ಒಳ್ಳೆಯ ವಕೀಲರೇ, ಇಪ್ಪತ್ತು ವರ್ಷದಿಂದ ಸಿವಿಲ್ ಕೋರ್ಟಿನಲ್ಲಿ ಹೆಸರು ಮಾಡಿದವರು. ‘ಐಬಿಸಿ, ಅಂದರೆ ದಿವಾಳಿ ಕಾನೂನಿನ ನೋಟಿಸ್ ಕೊಟ್ಟುಬಿಡೋಣ, ಹೆದರಿ ದುಡ್ಡು ಕಟ್ಟುತ್ತಾರೆ’ ಅನ್ನುತ್ತಾರೆ. ನೋಟಿಸ್ ಹೋಗುತ್ತದೆ. ಹತ್ತು ದಿನದೊಳಗೆ ಆ ಕಡೆಯಿಂದ ಉತ್ತರವೂ ಬರುತ್ತದೆ, ಒಂದೇ ಸಾಲು: ಬಾಕಿ ಒಂದು ಕೋಟಿ ಇಲ್ಲ, ನೀವು ಈ ಕಾನೂನಿನಡಿ ನಮ್ಮನ್ನು ಎಳೆಯಲು ಬರುವುದಿಲ್ಲ.

ಉತ್ತರ ಸರಿಯಾಗೇ ಇದೆ. ಮೊದಲು ಈ ಮಿತಿ 1 ಲಕ್ಷ ರೂಪಾಯಿ ಇತ್ತು. 2020ರ ಮಾರ್ಚ್ 24ರಂದು, ಕೋವಿಡ್ ಲಾಕ್‌ಡೌನ್ ಶುರುವಾಗುವ ಹೊತ್ತಿನಲ್ಲಿ, ಕೇಂದ್ರ ಸರ್ಕಾರ ಅದನ್ನು ಒಂದೇ ಏಟಿಗೆ 1 ಕೋಟಿಗೆ ಏರಿಸಿತು. ಕೋವಿಡ್ ಹೋಯಿತು, ಮಿತಿ ಮಾತ್ರ ಹಾಗೇ ಉಳಿಯಿತು. ಆ ವರ್ಕ್‌ಶಾಪ್ ಸಣ್ಣ ಉದ್ದಿಮೆ ಅಂತ ನೋಂದಣಿಯಾಗಿದ್ದರೆ ಹೋಗಬೇಕಾಗಿದ್ದ ಜಾಗವೇ ಬೇರೆ. ಸಣ್ಣ ಉದ್ದಿಮೆಗಳ ಬಾಕಿ ವಸೂಲಿ ನೋಡುವ, 2006ರ ಎಂಎಸ್‌ಎಂಇ ಕಾಯ್ದೆಯ ಫೆಸಿಲಿಟೇಶನ್ ಕೌನ್ಸಿಲ್‌ಗೆ ಹೋಗಿದ್ದರೆ ರಿಸರ್ವ್ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೇಳಬಹುದಿತ್ತು. ವಕೀಲರು ಮೋಸ ಮಾಡಲಿಲ್ಲ, ಸೋಮಾರಿಯೂ ಅಲ್ಲ. ಅವರು ಓದಿದ ಮೇಲೆ ಕಾನೂನು ಬದಲಾಯಿತು, ಅಷ್ಟೇ. ಅದನ್ನು ಅವರಿಗೆ ಹೇಳಬೇಕು ಅಂತ ಯಾವ ನಿಯಮವೂ ಇಲ್ಲ, ಅವರು ತಿಳಿದುಕೊಳ್ಳಲೇಬೇಕು ಅಂತಲೂ ಇಲ್ಲ.

ಈ ಲೇಖನ ಅದರ ಬಗ್ಗೆ. ದಿವಾಳಿ ಕೇಸು ನಡೆಸುವ ವಕೀಲರು ಸನ್ನದು ಸಿಕ್ಕಿದ ಮೇಲೂ ಓದುತ್ತಿರಬೇಕಾ, ಓದುವುದಾದರೆ ಏನನ್ನು, ಲೆಕ್ಕ ಇಡುವವರು ಯಾರು?

ನಮ್ಮಲ್ಲಿ ದಿವಾಳಿ ಅಂದರೆ ಈಗಲೂ ಹಳಬರಿಗೆ ನೆನಪಾಗುವುದು ಪಾಪರ್ ಚೀಟಿ. ‘ಅವನು ಪಾಪರ್ ಆಗಿ ಚೀಟಿ ತಗೊಂಡ’ ಅಂದರೆ ಮುಗಿಯಿತು, ಊರಲ್ಲಿ ಮುಖ ತೋರಿಸೋ ಹಾಗಿಲ್ಲ. ಅದರ ಹಿಂದೆ ಇದ್ದಿದ್ದು 1920ರ ಪ್ರಾಂತೀಯ ದಿವಾಳಿ ಕಾಯ್ದೆ, ಕೇಸು ನಡೆಯುತ್ತಿದ್ದುದು ಜಿಲ್ಲಾ ಕೋರ್ಟಿನಲ್ಲಿ. ಕಂಪನಿಗಳಿಗೆ ಬೇರೆ ದಾರಿಗಳಿದ್ದವು. ಹೈಕೋರ್ಟಿನಲ್ಲಿ ವೈಂಡಿಂಗ್ ಅಪ್ ಅಂದರೆ ಕಂಪನಿ ಮುಚ್ಚುವ ಕೇಸು, ರೋಗಗ್ರಸ್ತ ಕಾರ್ಖಾನೆಗಳಿಗೆ ಬಿಐಎಫ್‌ಆರ್ ಅನ್ನುವ ಮಂಡಳಿ, ಬ್ಯಾಂಕುಗಳಿಗೆ 1993ರಿಂದ ಸಾಲ ವಸೂಲಿಯ ಟ್ರಿಬ್ಯೂನಲ್ ಆದ ಡಿಆರ್‌ಟಿ, 2002ರಿಂದ ಅಡವಿಟ್ಟ ಆಸ್ತಿಯನ್ನು ಬ್ಯಾಂಕೇ ವಶಕ್ಕೆ ತಗೊಳ್ಳುವ ಸರ್ಫೇಸಿ ಕಾಯ್ದೆ. ಎಲ್ಲವೂ ನಿಧಾನ. ಒಂದು ಸಲ ಕಲಿತ ವಕೀಲರು ಅದೇ ಓದಿನಲ್ಲಿ ಮೂವತ್ತು ವರ್ಷ ದುಡಿಯಬಹುದಿತ್ತು, ಏಕೆಂದರೆ ಕೇಸೂ ಅಷ್ಟೇ ವರ್ಷ ನಡೆಯುತ್ತಿತ್ತು!

2016ರಲ್ಲಿ ಬಂದ ದಿವಾಳಿ ಸಂಹಿತೆ, ಅಂದರೆ ಎಲ್ಲರೂ ಐಬಿಸಿ ಅನ್ನುವ ಕಾನೂನು, ಆ ಲೆಕ್ಕವನ್ನೇ ತಲೆಕೆಳಗು ಮಾಡಿತು. ಮೇ ತಿಂಗಳಲ್ಲಿ ಸಂಸತ್ತು ಪಾಸು ಮಾಡಿತು, ಡಿಸೆಂಬರ್ 1ಕ್ಕೆ ಕಂಪನಿಗಳ ಭಾಗ ಜಾರಿಗೆ ಬಂತು. ಕೇಸು ಮುಗಿಯಬೇಕಾದ್ದು 180 ದಿನದಲ್ಲಿ, ಜಾಸ್ತಿ ಅಂದರೆ ಇನ್ನು 90 ದಿನ. ಆಮೇಲೆ 2019ರಲ್ಲಿ ಕೋರ್ಟ್ ವ್ಯಾಜ್ಯದ ಸಮಯವೂ ಸೇರಿ 330 ದಿನ ಅಂದರು. ನಿಜದಲ್ಲಿ ಬಹಳಷ್ಟು ಕೇಸು ಅದನ್ನೂ ದಾಟುತ್ತವೆ, ಆ ಮಾತು ಬೇರೆ. ಆದರೆ ಕೇಸಿಗಿಂತ ಜೋರಾಗಿ ಓಡಿದ್ದು ಕಾನೂನೇ. 2021 ಮುಗಿಯುವುದರೊಳಗೆ ಆರು ತಿದ್ದುಪಡಿ ಕಾಯ್ದೆ ಬಂದವು. ಕಂಪನಿ ಮುಳುಗಿಸಿದ ಮಾಲೀಕರೇ ಹಿಂಬಾಗಿಲಿಂದ ಅಗ್ಗಕ್ಕೆ ಕೊಳ್ಳದಂತೆ 2017ರ ನವೆಂಬರ್‌ನಲ್ಲಿ ಸೆಕ್ಷನ್ 29ಎ ಬಂತು. 2018ರಲ್ಲಿ ಫ್ಲ್ಯಾಟಿಗೆ ದುಡ್ಡು ಕಟ್ಟಿದವರು ಹಣಕಾಸು ಸಾಲ ಕೊಟ್ಟವರ ಸಾಲಿಗೆ ಸೇರಿದರು. ಮುಂದಿನ ವರ್ಷ ಅವರು ಒಬ್ಬೊಬ್ಬರೇ ಬರುವಂತಿಲ್ಲ, ಒಂದೇ ಯೋಜನೆಯ 100 ಜನ ಅಥವಾ ಶೇಕಡ 10ರಷ್ಟು ಜನ ಸೇರಿ ಬರಬೇಕು ಅಂತಾಯಿತು. 2020ರಲ್ಲಿ ಸೆಕ್ಷನ್ 10ಎ. ಅದರ ಪ್ರಕಾರ 2020ರ ಮಾರ್ಚ್ 25ರಿಂದ ಒಂದು ವರ್ಷದಲ್ಲಿ ಆದ ಬಾಕಿಗೆ ಕೇಸು ಹಾಕುವಂತಿಲ್ಲ. ಆಗ ಮಾತ್ರ ಅಲ್ಲ, ಯಾವತ್ತೂ ಹಾಕುವಂತಿಲ್ಲ. ಇದು ಎಂಥಾ ಬಲೆ ನೋಡಿ: ಇವತ್ತು ಅರ್ಜಿ ಬರೆಯುವ ವಕೀಲರು ‘ಬಾಕಿ ಆದ ದಿನ’ ಅಂತ ಫಾರ್ಮಿನಲ್ಲಿ ಒಂದು ತಾರೀಖು ಹಾಕುತ್ತಾರಲ್ಲ, ಅದು ಆ ಒಂದು ವರ್ಷದೊಳಗೆ ಬಿದ್ದರೆ ಅರ್ಜಿ ಅಲ್ಲಿಗೇ ಮುಗಿಯಿತು.

ಇದು ಸಂಸತ್ತಿನ ಕೆಲಸ. ಸುಪ್ರೀಂ ಕೋರ್ಟಿನದು ಇನ್ನೊಂದು ಓಟ. 2022ರ ಜುಲೈನಲ್ಲಿ ವಿದರ್ಭ ಇಂಡಸ್ಟ್ರೀಸ್ ಕೇಸಿನಲ್ಲಿ, ಬಾಕಿ ಇದೆ ಅಂತ ಸಾಬೀತಾದರೂ ಅರ್ಜಿ ತಗೊಳ್ಳುವುದು ಬಿಡುವುದು ದಿವಾಳಿ ಕೇಸು ಕೇಳುವ ಟ್ರಿಬ್ಯೂನಲ್, ಅಂದರೆ ಎನ್‌ಸಿಎಲ್‌ಟಿಯ ವಿವೇಚನೆ ಅಂದಿತು. ಬ್ಯಾಂಕಿನ ವಕೀಲರೆಲ್ಲ ತಲೆ ಮೇಲೆ ಕೈ ಹೊತ್ತು ಕೂತರು. 2023ರ ಮೇನಲ್ಲಿ ಸುರೇಶ್ ಕುಮಾರ್ ರೆಡ್ಡಿ ಕೇಸಿನಲ್ಲಿ, ಅದು ಆ ಕೇಸಿನ ಸಂಗತಿಗೆ ಸೀಮಿತ, ಹಳೆಯ ಕಾನೂನೇ ನಿಂತಿದೆ ಅಂದಿತು. ಇನ್ನು ಭೂಷಣ್ ಪವರ್ ಅಂಡ್ ಸ್ಟೀಲ್ ಕಥೆ ಕೇಳಿ. 2025ರ ಮೇ 2ರಂದು ಸುಪ್ರೀಂ ಕೋರ್ಟ್ ಅದನ್ನು ಕೊಂಡು ನಡೆಸಲು ಜೆಎಸ್‌ಡಬ್ಲ್ಯು ಕಂಪನಿ ಕೊಟ್ಟಿದ್ದ ಯೋಜನೆಯನ್ನು ತಳ್ಳಿಹಾಕಿ ಕಂಪನಿಯನ್ನು ಮುಚ್ಚಲು ಹೇಳಿತು. ಯೋಜನೆ ಜಾರಿಯಾಗಿ, ಕಾರ್ಖಾನೆ ಹೊಸ ಮಾಲೀಕರ ಕೈಯಲ್ಲಿ ವರ್ಷಗಳಿಂದ ನಡೆಯುತ್ತಿತ್ತು! ಜುಲೈ 31ಕ್ಕೆ ಆ ತೀರ್ಪನ್ನು ವಾಪಸ್ ತಗೊಂಡಿತು. ಸೆಪ್ಟೆಂಬರ್ 26ಕ್ಕೆ ಅದೇ ಯೋಜನೆಯನ್ನು ಎತ್ತಿಹಿಡಿಯಿತು. ಜೂನ್‌ನಲ್ಲಿ ಒಂದು ಸೆಮಿನಾರಿಗೆ ಹೋಗಿ ಸರ್ಟಿಫಿಕೇಟ್ ತಗೊಂಡು ಬಂದ ವಕೀಲರು ಅಕ್ಟೋಬರ್‌ನಲ್ಲಿ ಅದನ್ನೇ ವಾದಿಸಿದರೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ ತಾನೇ.

ಈಗ ಗಂಟೆ ಲೆಕ್ಕಕ್ಕೆ ಬರೋಣ. ದಿವಾಳಿ ಕೇಸಿನಲ್ಲಿ ಕಂಪನಿಯ ಆಡಳಿತವನ್ನು ಕೈಗೆ ತಗೊಂಡು ನಡೆಸುವವರನ್ನು ಇನ್‌ಸಾಲ್ವೆನ್ಸಿ ಪ್ರೊಫೆಷನಲ್ ಅನ್ನುತ್ತಾರೆ, ಚಿಕ್ಕದಾಗಿ ಐಪಿ. ವಕೀಲರು, ಸಿಎ, ಕಂಪನಿ ಸೆಕ್ರೆಟರಿ, ಕಾಸ್ಟ್ ಅಕೌಂಟೆಂಟ್, ಯಾರಾದರೂ ಹತ್ತು ವರ್ಷದ ಅನುಭವ ಇದ್ದು ಪರೀಕ್ಷೆ ಪಾಸು ಮಾಡಿದರೆ ಐಪಿ ಆಗಬಹುದು. ಇವರ ಮೇಲೆ ಐಬಿಬಿಐ ಅನ್ನುವ ನಿಯಂತ್ರಣ ಮಂಡಳಿ ಕೂತಿದೆ. 2020ರ ಜನವರಿಯಿಂದ ಇವರಿಗೆ ನಿಯಮ ಇದೆ: ವರ್ಷಕ್ಕೆ ಕನಿಷ್ಠ 10 ಗಂಟೆ, ಮೂರು ವರ್ಷದಲ್ಲಿ ಒಟ್ಟು 60 ಗಂಟೆ ಕಲಿಕೆ. ಮಾಡದಿದ್ದರೆ ಹೊಸ ಕೇಸು ತಗೊಳ್ಳಲು ಬೇಕಾದ ವಾರ್ಷಿಕ ಅನುಮತಿಗೇ ತೊಡಕು. ಸಿಎಗಳಿಗೆ, ಕಂಪನಿ ಸೆಕ್ರೆಟರಿಗಳಿಗೆ ಅವರವರ ಸಂಸ್ಥೆಗಳು ಬೇರೆ ಗಂಟೆ ಲೆಕ್ಕ ಇಟ್ಟಿವೆ.

ವಕೀಲರಿಗೆ? ಸೊನ್ನೆ.

1961ರ ಅಡ್ವೊಕೇಟ್ಸ್ ಕಾಯ್ದೆಯಲ್ಲಿ ಬಾರ್ ಕೌನ್ಸಿಲ್‌ಗಳು ಸೆಮಿನಾರ್ ಮಾಡಬಹುದು, ತಜ್ಞರಿಂದ ಉಪನ್ಯಾಸ ಕೊಡಿಸಬಹುದು ಅಂತ ಇದೆ. ಬಂದು ಕೂರಲೇಬೇಕು ಅಂತ ಇಲ್ಲ. ಹೊಸ ವಕೀಲರಿಗೆ ಬಾರ್ ಕೌನ್ಸಿಲ್ ನಡೆಸುವ ಎಐಬಿಇ ಪರೀಕ್ಷೆ ಇದೆ, 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವೂ ಅದು ಸರಿ ಅಂದಿದೆ. ಆದರೆ ಅದು ಬಾಗಿಲಲ್ಲಿ ತೋರಿಸುವ ಟಿಕೆಟ್. ಒಮ್ಮೆ ಪಾಸಾದರೆ ಜೀವಮಾನಕ್ಕೆ ಆಯಿತು. 2011ರಲ್ಲಿ ಅದನ್ನು ಬರೆದವರು ಐಬಿಸಿಯ ಒಂದು ಪ್ರಶ್ನೆಯನ್ನೂ ಕಂಡಿರಲು ಸಾಧ್ಯವಿಲ್ಲ, ಏಕೆಂದರೆ ಆಗ ಆ ಕಾನೂನೇ ಹುಟ್ಟಿರಲಿಲ್ಲ.

ಇಲ್ಲಿ ನನಗೆ ತಮಾಷೆ ಅನಿಸುವುದು ಇನ್ನೊಂದು. ಕಂಪನಿ ಕಾಯ್ದೆಯ ಸೆಕ್ಷನ್ 432ರ ಪ್ರಕಾರ ಎನ್‌ಸಿಎಲ್‌ಟಿಯಲ್ಲಿ ವಕೀಲರು ಮಾತ್ರ ಅಲ್ಲ, ಸಿಎ, ಕಂಪನಿ ಸೆಕ್ರೆಟರಿ, ಕಾಸ್ಟ್ ಅಕೌಂಟೆಂಟ್ ಕೂಡ ಕಕ್ಷಿದಾರರ ಪರವಾಗಿ ವಾದಿಸಬಹುದು. ಅಂದರೆ ಬೆಂಗಳೂರಿನ ಎಂ.ಜಿ. ರಸ್ತೆಯ ಎನ್‌ಸಿಎಲ್‌ಟಿ ಪೀಠದಲ್ಲಿ ಒಂದೇ ಹಾಲ್‌ನಲ್ಲಿ ನಿಂತ ನಾಲ್ಕು ಜನರಲ್ಲಿ ಕಪ್ಪು ಕೋಟಿನ ನಮ್ಮ ವಕೀಲರೊಬ್ಬರೇ ಕಡ್ಡಾಯ ಓದಿನಿಂದ ಬಿಡುಗಡೆ ಪಡೆದವರು. ಅದೇ ವಕೀಲರು ನಾಳೆ ಐಪಿ ಆಗಿ ನೋಂದಾಯಿಸಿಕೊಂಡರೆ 60 ಗಂಟೆ ಬೇಕು. ವಕೀಲರಾಗಿ ಅದೇ ಕಾನೂನು, ಅದೇ ಕೇಸು, ಅದೇ ಹಾಲ್‌ನಲ್ಲಿ ವಾದಿಸಿದರೆ ಬೇಡ. ಇದಕ್ಕೆ ಏನು ತರ್ಕ ಅಂತ ನನಗಂತೂ ಹೊಳೆದಿಲ್ಲ.

ತಪ್ಪಾದರೆ ಕಕ್ಷಿದಾರರು ಕೇಳುವುದು ಯಾರನ್ನು? 2024ರ ಮೇ 14ರಂದು ಡಿ.ಕೆ. ಗಾಂಧಿ ಕೇಸಿನಲ್ಲಿ ಸುಪ್ರೀಂ ಕೋರ್ಟ್, ವಕೀಲರ ಸೇವೆ ಗ್ರಾಹಕ ರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ ಅಂತ ತೀರ್ಪು ಕೊಟ್ಟಿತು. ಗ್ರಾಹಕರ ವೇದಿಕೆಯ ಬಾಗಿಲು ಮುಚ್ಚಿತು. ನಿರ್ಲಕ್ಷ್ಯಕ್ಕೆ ಸಿವಿಲ್ ದಾವೆ ಹಾಕಬಹುದು, ದುರ್ನಡತೆಗೆ ಬಾರ್ ಕೌನ್ಸಿಲ್‌ಗೆ ದೂರು ಕೊಡಬಹುದು. ಆದರೆ ‘ನನ್ನ ವಕೀಲರಿಗೆ ಹೊಸ ತೀರ್ಪು ಗೊತ್ತಿರಲಿಲ್ಲ’ ಅನ್ನುವುದು ದುರ್ನಡತೆ ಅಲ್ಲವಲ್ಲ. ಆ ತೀರ್ಪು ತಪ್ಪು ಅಂತ ನಾನು ಹೇಳುತ್ತಿಲ್ಲ. ವಕೀಲಿಕೆ ಅಂಗಡಿ ವ್ಯಾಪಾರ ಅಲ್ಲ ಅನ್ನುವುದರಲ್ಲಿ ಹುರುಳಿದೆ. ಆದರೆ ವ್ಯಾಪಾರ ಅಲ್ಲ, ಅದು ವೃತ್ತಿ ಅಂದ ಮೇಲೆ ವೃತ್ತಿಯೇ ತನ್ನೊಳಗೆ ಓದಿನ ಲೆಕ್ಕ ಇಡಬೇಕಲ್ವಾ? ಎರಡೂ ಬೇಡ ಅಂದರೆ ಹೇಗೆ?

ಹಾಗಂತ ‘ವಕೀಲರಿಗೂ 60 ಗಂಟೆ ಕಡ್ಡಾಯ ಮಾಡಿ’ ಅಂತ ಸುಮ್ನೆ ಒಂದು ಸುತ್ತೋಲೆ ಹೊರಡಿಸಿದರೆ ಆಗುವುದಿಲ್ಲ. ಅಮೆರಿಕದಲ್ಲಿ ಮಿನ್ನೆಸೋಟ, ಅಯೋವಾ ರಾಜ್ಯಗಳು 1975ರಲ್ಲೇ ಇದನ್ನು ಕಡ್ಡಾಯ ಮಾಡಿದವು. ಈಗ ಕ್ಯಾಲಿಫೋರ್ನಿಯಾದಲ್ಲಿ ಮೂರು ವರ್ಷಕ್ಕೆ 25 ಗಂಟೆ, ನ್ಯೂಯಾರ್ಕ್‌ನಲ್ಲಿ ಎರಡು ವರ್ಷಕ್ಕೆ 24. ಅಲ್ಲಿನ ದೊಡ್ಡ ಗೊಣಗಾಟ ಏನು ಅಂದರೆ ವಿಡಿಯೊ ಒಂದು ಕಡೆ ಓಡುತ್ತಿರುತ್ತದೆ, ವಕೀಲರು ಇನ್ನೊಂದು ಕಡೆ ಮೇಲ್ ನೋಡುತ್ತಿರುತ್ತಾರೆ, ಗಂಟೆ ಮಾತ್ರ ಜಮಾ ಆಗುತ್ತದೆ. ಇಂಗ್ಲೆಂಡ್ ಇನ್ನೊಂದು ದಾರಿ ಹಿಡಿಯಿತು. ಅಲ್ಲಿ ಸಾಲಿಸಿಟರ್‌ಗಳಿಗೆ ವರ್ಷಕ್ಕೆ 16 ಗಂಟೆ ಅಂತ ಇತ್ತು, 2016ರ ನವೆಂಬರ್‌ನಿಂದ ಅದನ್ನು ಕೈಬಿಟ್ಟರು. ನಿಮಗೆ ಏನು ಬರುವುದಿಲ್ಲ ಅಂತ ನೀವೇ ಗುರುತಿಸಿ, ಅದನ್ನು ಕಲಿತು, ಕಲಿತಿದ್ದನ್ನು ಬರೆದಿಡಿ ಅಂದರು. ಕೇಳಲು ಚೆನ್ನಾಗಿದೆ. ಆದರೆ ತನಗೆ ಏನು ಗೊತ್ತಿಲ್ಲ ಅನ್ನುವುದೇ ಗೊತ್ತಿಲ್ಲದವರು ಏನನ್ನು ಗುರುತಿಸುತ್ತಾರೆ? ಮೇಲಿನ ಪೀಣ್ಯದ ವಕೀಲರಿಗೆ ಒಂದು ಕೋಟಿಯ ಮಿತಿ ತನಗೆ ಗೊತ್ತಿಲ್ಲ ಅನ್ನುವುದು ಗೊತ್ತಿದ್ದಿದ್ದರೆ ಅವರು ಅರ್ಧ ಗಂಟೆಯಲ್ಲಿ ಓದಿ ಮುಗಿಸುತ್ತಿದ್ದರು.

ಅದಕ್ಕೇ ನನ್ನ ವಾದ ಇಷ್ಟು: ದಿವಾಳಿ ಕಾನೂನಿನಲ್ಲಿ ಕೂತ ಗಂಟೆಯನ್ನು ಎಣಿಸಬೇಡಿ, ಬದಲಾದ ಸಂಗತಿಯನ್ನು ಎಣಿಸಿ. ಕಳೆದ ವರ್ಷ ಏನೇನು ಬದಲಾಯಿತು, ಅದರಿಂದ ಅರ್ಜಿಯಲ್ಲಿ ಯಾವ ಕಾಲಂ ಬದಲಾಯಿತು, ಯಾವ ದಿನದ ಲೆಕ್ಕ ಬದಲಾಯಿತು. ವರ್ಷಕ್ಕೆ ಆರೇಳು ಗಂಟೆ ಸಾಕು, ಆದರೆ ಇದರ ಮೇಲೇ ಇರಬೇಕು, ಕೊನೆಗೆ ಒಂದು ಚಿಕ್ಕ ಪರೀಕ್ಷೆಯೂ ಇರಬೇಕು. ದೀಪ ಹಚ್ಚಿ, ಹಾರ ಹಾಕಿ, ಮುಖ್ಯ ಅತಿಥಿಗಳ ಮುಕ್ಕಾಲು ಗಂಟೆ ಭಾಷಣ ಕೇಳಿ, ಊಟ ಮಾಡಿ ಬರುವುದನ್ನು ಕಲಿಕೆಯ ಲೆಕ್ಕಕ್ಕೆ ಸೇರಿಸಬಾರದು. ಊಟ ಚೆನ್ನಾಗಿರುತ್ತದೆ, ಅದನ್ನು ಒಪ್ಪುತ್ತೇನೆ.

ಏನು ಕಲಿಸಬೇಕು ಅನ್ನುವುದಕ್ಕೆ ಮೊದಲ ಉದಾಹರಣೆ ಅಪೀಲಿನ ದಿನಗಳು. ಸಿವಿಲ್ ಕೋರ್ಟಿನಲ್ಲಿ ಬೆಳೆದ ವಕೀಲರ ಕೈಗೆ ಅಂಟಿದ ಅಭ್ಯಾಸ ಏನು ಅಂದರೆ, ಆರ್ಡರ್ ಆಯಿತಾ, ಸರ್ಟಿಫೈಡ್ ಕಾಪಿ ಬರಲಿ, ಆಮೇಲೆ ನೋಡೋಣ. ದಿವಾಳಿ ಕೇಸಿನಲ್ಲಿ ಎನ್‌ಸಿಎಲ್‌ಟಿ ಆದೇಶದ ಮೇಲೆ ಅಪೀಲು ಟ್ರಿಬ್ಯೂನಲ್ ಆದ ಎನ್‌ಸಿಎಲ್‌ಎಟಿಗೆ ಹೋಗಲು 30 ದಿನ, ಸರಿಯಾದ ಕಾರಣ ಕೊಟ್ಟರೆ ಇನ್ನು 15 ದಿನ. 46ನೇ ದಿನ ಯಾರ ಕಾಲಿಗೆ ಬಿದ್ದರೂ ಆಗುವುದಿಲ್ಲ. 2021ರ ಅಕ್ಟೋಬರ್‌ನಲ್ಲಿ ವಿ. ನಾಗರಾಜನ್ ಕೇಸಿನಲ್ಲಿ ಸುಪ್ರೀಂ ಕೋರ್ಟ್, ಈ ಎಣಿಕೆ ಆದೇಶ ಹೇಳಿದ ದಿನದಿಂದಲೇ ಶುರು, ಕಾಪಿ ಕೈಗೆ ಬಂದ ದಿನದಿಂದ ಅಲ್ಲ ಅಂದಿತು. ಕಾಪಿಗೆ ಅರ್ಜಿ ಹಾಕಿದ್ದರೆ ಅದು ತಯಾರಾಗಲು ಹಿಡಿದ ದಿನ ಕಳೆಯುತ್ತಾರೆ. ಅರ್ಜಿಯನ್ನೇ ಹಾಕದೆ ಉಚಿತ ಕಾಪಿ ಬರುತ್ತದೆ ಅಂತ ಕೂತಿದ್ದರೆ ಏನೂ ಕಳೆಯುವುದಿಲ್ಲ. ಆಮೇಲೆ 2023ರಲ್ಲಿ ಇನ್ನೊಂದು ಸೂಕ್ಷ್ಮ ಬಂತು: ತೆರೆದ ಕೋರ್ಟಿನಲ್ಲಿ ಆದೇಶವನ್ನು ಹೇಳಿಯೇ ಇರದಿದ್ದರೆ, ಅದು ವೆಬ್‌ಸೈಟಿಗೆ ಏರಿದ ದಿನದಿಂದ ಎಣಿಕೆ. ಇಷ್ಟನ್ನು ಹೇಳಿಕೊಡಲು ಇಪ್ಪತ್ತು ನಿಮಿಷ ಸಾಕು. ಗೊತ್ತಿಲ್ಲದೆ ಹೋದರೆ ಕೋಟಿಗಟ್ಟಲೆ ಹಕ್ಕು ಹೋಗುತ್ತದೆ.

ಇನ್ನೊಂದು, ಕೇಸು ಹಾಕುವ ಮುಂಚಿನ ಕೆಲಸ. 2017ರ ಮೊಬಿಲಾಕ್ಸ್ ತೀರ್ಪಿನಿಂದ ಈಚೆಗೆ, ನೋಟಿಸ್ ತಲುಪುವ ಮುಂಚೆಯೇ ಸರಕಿನ ಗುಣಮಟ್ಟದ ಬಗ್ಗೆ ಗಟ್ಟಿಯಾದ ತಕರಾರು ಇತ್ತು ಅಂದರೆ ಪೂರೈಕೆದಾರರ ಅರ್ಜಿ ನಿಲ್ಲುವುದಿಲ್ಲ. ಹಾಗಾಗಿ ಓದಿಕೊಂಡಿರುವ ವಕೀಲರು ನೋಟಿಸ್ ಬರೆಯುವ ಮೊದಲು ಕಕ್ಷಿದಾರರನ್ನು ಕೂರಿಸಿಕೊಂಡು, ‘ಅವರ ಕಡೆಯ ಮೇಲ್, ವಾಟ್ಸಾಪ್ ಎಲ್ಲಾ ತೋರಿಸಿ, ಬೈದಿದ್ದನ್ನೂ ಸೇರಿಸಿ’ ಅನ್ನುತ್ತಾರೆ. ಓದಿಕೊಳ್ಳದವರು ಇನ್‌ವಾಯ್ಸ್ ಮಾತ್ರ ಕೇಳುತ್ತಾರೆ. ಅಂದಹಾಗೆ ಈ ನೋಟಿಸನ್ನು ವಕೀಲರು ಕೊಡಬಹುದಾ ಅನ್ನುವುದೇ ಒಂದು ಕಾಲಕ್ಕೆ ಜಗಳವಾಗಿತ್ತು. ವಕೀಲರ ನೋಟಿಸ್ ನಡೆಯುವುದಿಲ್ಲ ಅಂತ ಅಪೀಲು ಟ್ರಿಬ್ಯೂನಲ್ ಹೇಳಿಬಿಟ್ಟಿತ್ತು. 2017ರ ಡಿಸೆಂಬರ್‌ನಲ್ಲಿ ಮ್ಯಾಕ್ವಾರಿ ಬ್ಯಾಂಕ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಸರಿ ಮಾಡಿತು.

ಕರ್ನಾಟಕದ ವಕೀಲರು ಪಾಠ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ, ಇಲ್ಲಿಂದಲೇ ಹೋದ ಕೇಸುಗಳು ಸಾಕಷ್ಟಿವೆ. ಬೆಂಗಳೂರು ಪೀಠದಲ್ಲಿ ಶುರುವಾದ ದೇನಾ ಬ್ಯಾಂಕ್ ಮತ್ತು ಶಿವಕುಮಾರ್ ರೆಡ್ಡಿ ಕೇಸು 2021ರ ಆಗಸ್ಟ್‌ನಲ್ಲಿ ಲಿಮಿಟೇಶನ್, ಅಂದರೆ ಕೇಸು ಹಾಕಲು ಇರುವ ಕಾಲಮಿತಿಯ ಬಗ್ಗೆ ದೊಡ್ಡ ತೀರ್ಪಾಯಿತು. ಬಾಕಿಯಾಗಿ ಮೂರು ವರ್ಷ ಕಳೆದಿದ್ದರೂ, ಆ ಮೂರು ವರ್ಷದೊಳಗೇ ಬ್ಯಾಲೆನ್ಸ್ ಶೀಟಿನಲ್ಲಿ ಸಾಲ ಒಪ್ಪಿಕೊಂಡಿದ್ದರೆ, ಡಿಆರ್‌ಟಿ ವಸೂಲಿ ಪ್ರಮಾಣಪತ್ರ ಇದ್ದರೆ, ಎಣಿಕೆ ಹೊಸದಾಗಿ ಶುರುವಾಗುತ್ತದೆ. ಅಂದರೆ ವಕೀಲರಿಗೆ ಬ್ಯಾಲೆನ್ಸ್ ಶೀಟ್ ಓದಲು ಬರಬೇಕು! ಕಾನೂನು ಕಾಲೇಜಿನಲ್ಲಿ ಇದನ್ನು ಕೂರಿಸಿ ಹೇಳಿಕೊಟ್ಟವರನ್ನು ನಾನು ಕಂಡಿಲ್ಲ. 2019ರ ಎಂಬೆಸಿ ಪ್ರಾಪರ್ಟಿ ಕೇಸಿನಲ್ಲಿ ಎದುರಿಗೆ ಇದ್ದಿದ್ದು ನಮ್ಮ ರಾಜ್ಯ ಸರ್ಕಾರವೇ. ಗಣಿ ಗುತ್ತಿಗೆ ಮುಂದುವರಿಸುವ ವಿಷಯದಲ್ಲಿ ಎನ್‌ಸಿಎಲ್‌ಟಿ ಸರ್ಕಾರಕ್ಕೆ ಹೇಳುವಂತಿಲ್ಲ, ಅದಕ್ಕೆ ಹೈಕೋರ್ಟೇ ಜಾಗ ಅಂತ ತೀರ್ಮಾನವಾಯಿತು.

ಬೈಜೂಸ್ ಅಂತೂ ಎಲ್ಲರಿಗೂ ಗೊತ್ತು. ಬಿಸಿಸಿಐಗೆ ಬರಬೇಕಿದ್ದ 158.9 ಕೋಟಿಗೆ 2024ರ ಜುಲೈ 16ರಂದು ಬೆಂಗಳೂರು ಪೀಠ ಅರ್ಜಿ ತಗೊಂಡಿತು. ಇಬ್ಬರೂ ರಾಜಿ ಆದರು, ಚೆನ್ನೈನ ಎನ್‌ಸಿಎಲ್‌ಎಟಿ ಆಗಸ್ಟ್ 2ಕ್ಕೆ ಒಪ್ಪಿ ಕೇಸು ಮುಗಿಸಿತು. ಅಕ್ಟೋಬರ್ 23ಕ್ಕೆ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಯಾಕೆ? ಸಿವಿಲ್ ಕೇಸಿನಲ್ಲಿ ವಾದಿ ಪ್ರತಿವಾದಿ ಕೈ ಕುಲುಕಿದರೆ ಮುಗಿಯಿತು. ದಿವಾಳಿ ಅರ್ಜಿಯನ್ನು ಒಮ್ಮೆ ತಗೊಂಡ ಮೇಲೆ ಅದು ಇಬ್ಬರ ಜಗಳ ಅಲ್ಲ, ಸಾಲ ಕೊಟ್ಟ ಎಲ್ಲರ ವಿಷಯ. ವಾಪಸ್ ತಗೊಳ್ಳಲು ಸೆಕ್ಷನ್ 12ಎ, ನಿಯಮ 30ಎ ಅಂತ ಗೊತ್ತಾದ ದಾರಿ ಇದೆ, ಹಂಗಾಮಿ ಐಪಿ ಮೂಲಕವೇ ಅರ್ಜಿ ಬರಬೇಕು. ಅದನ್ನು ಬಿಟ್ಟು ಟ್ರಿಬ್ಯೂನಲ್ ತನ್ನ ಅಂತರ್ಗತ ಅಧಿಕಾರ ಬಳಸುವಂತಿಲ್ಲ. ದೊಡ್ಡ ದೊಡ್ಡ ವಕೀಲರಿದ್ದ ಕೇಸಿನಲ್ಲೇ ಹೀಗೆ. ಅದೇ ವರ್ಷದ ನವೆಂಬರ್‌ನಲ್ಲಿ ಜೆಟ್ ಏರ್‌ವೇಸ್ ತೀರ್ಪು ಬರೆಯುವಾಗ ಸುಪ್ರೀಂ ಕೋರ್ಟ್, ಟ್ರಿಬ್ಯೂನಲ್ ಸದಸ್ಯರಿಗೂ ಈ ವಿಷಯದಲ್ಲಿ ಪರಿಣತಿ ಸಾಲದು ಅಂತ ಬೇಸರ ಮಾಡಿಕೊಂಡಿತು. ಮೇಜಿನ ಆ ಕಡೆಯೂ ಓದು ಸಾಲದು ಅಂದರೆ ಈ ಕಡೆಯವರಿಗೆ ಹೊಣೆ ಜಾಸ್ತಿ.

ಆಕ್ಷೇಪಗಳು ಬರುತ್ತವೆ, ಬರಲಿ. ಮೊದಲನೆಯದು, ಬಾರ್ ಸ್ವತಂತ್ರವಾಗಿರಬೇಕು, ಯಾರೂ ನಮಗೆ ಪಾಠ ಮಾಡಬೇಕಾಗಿಲ್ಲ. ಪಾಠವನ್ನು ಬಾರ್ ಕೌನ್ಸಿಲೇ ಮಾಡಲಿ, ಬೇಡ ಅಂದವರು ಯಾರು? ಎರಡನೆಯದು ಹೆಚ್ಚು ನಿಜವಾದದ್ದು, ದುಡ್ಡಿನ ವಿಷಯ. ಇಡೀ ರಾಜ್ಯಕ್ಕೆ ಎನ್‌ಸಿಎಲ್‌ಟಿ ಇರುವುದು ಬೆಂಗಳೂರಿನಲ್ಲಿ, ಅಪೀಲಿಗೆ ಚೆನ್ನೈ. ಈ ಕಾನೂನು ಬಲ್ಲವರೂ ಹೆಚ್ಚಾಗಿ ಬೆಂಗಳೂರಿನ ದೊಡ್ಡ ಫರ್ಮ್‌ಗಳಲ್ಲೇ ಇದ್ದಾರೆ, ತರಬೇತಿಗಳು ಪಂಚತಾರಾ ಹೋಟೆಲಿನಲ್ಲಿ ಇಂಗ್ಲಿಷಿನಲ್ಲಿ ನಡೆಯುತ್ತವೆ. ಕಲಬುರಗಿಯಲ್ಲೋ ಬೆಳಗಾವಿಯಲ್ಲೋ ಪ್ರಾಕ್ಟೀಸ್ ಮಾಡುವ, ತಿಂಗಳ ಬಾಡಿಗೆಗೇ ಲೆಕ್ಕ ಹಾಕುವ ಜೂನಿಯರ್ ಒಬ್ಬರು ಅಲ್ಲಿಗೆ ಬರಲು ಆಗುತ್ತದಾ? ಆದರೆ ದಿವಾಳಿ ಕೇಸಿನ ಬಿಸಿ ಅವರ ಕಕ್ಷಿದಾರರಿಗೂ ತಟ್ಟುತ್ತದೆ. ಕಂಪನಿಯ ಸಾಲಕ್ಕೆ ಜಾಮೀನು ನಿಂತವರನ್ನು 2019ರ ಡಿಸೆಂಬರ್‌ನಿಂದ ಇದೇ ಕಾನೂನಿನಡಿ ತರಬಹುದು, 2021ರಲ್ಲಿ ಲಲಿತ್ ಕುಮಾರ್ ಜೈನ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಿತು. ಮಾವನ ಅಕ್ಕಿ ಗಿರಣಿ ಕಂಪನಿಗೆ ಸಹಿ ಹಾಕಿದ ಅಳಿಯನಿಗೆ ನೋಟಿಸ್ ಬಂದರೆ ಅವರು ಮೊದಲು ಓಡುವುದು ಊರಿನ ವಕೀಲರ ಹತ್ತಿರವೇ.

ಹಾಗಾಗಿ ಕಡ್ಡಾಯ ಮಾಡುವುದಾದರೆ ಉಚಿತವಾಗಿರಬೇಕು, ಕನ್ನಡದಲ್ಲೂ ಇರಬೇಕು, ಜಿಲ್ಲಾ ವಕೀಲರ ಸಂಘದ ಹಾಲ್‌ನಲ್ಲೋ ಮೊಬೈಲಿನಲ್ಲೋ ನಡೆಯಬೇಕು. ಎಲ್ಲ ವಕೀಲರಿಗೂ ಬೇಡ. ಕ್ರಿಮಿನಲ್ ಕೇಸು ನಡೆಸುವವರಿಗೆ ಸೆಕ್ಷನ್ 29ಎ ಕಟ್ಟಿಕೊಂಡು ಏನಾಗಬೇಕು? ಎನ್‌ಸಿಎಲ್‌ಟಿಯಲ್ಲಿ ವಕಾಲತ್ತು ಹಾಕುವವರಿಗೆ ಮಾತ್ರ ಸಾಕು. ಸಾಮಗ್ರಿಗೂ ಬರ ಇಲ್ಲ. ಐಬಿಬಿಐ ತನ್ನ ತಾಣದಲ್ಲಿ ನಿಯಮ, ಸುತ್ತೋಲೆ, ಆದೇಶ, ಮೂರು ತಿಂಗಳಿಗೊಮ್ಮೆ ಸುದ್ದಿಪತ್ರ ಎಲ್ಲವನ್ನೂ ಉಚಿತವಾಗಿ ಹಾಕುತ್ತದೆ. ಅದನ್ನು ಎಂಟು ಪುಟಕ್ಕೆ ಇಳಿಸಿ ಕನ್ನಡದಲ್ಲಿ ಕೊಡುವವರು ಬೇಕು, ಅಷ್ಟೇ.

ಇದಕ್ಕೆ ಅವಸರವೂ ಇದೆ. 2025ರ ಆಗಸ್ಟ್ 12ರಂದು ಲೋಕಸಭೆಯಲ್ಲಿ ಮಂಡಿಸಿ ಸೆಲೆಕ್ಟ್ ಕಮಿಟಿಗೆ ಕಳಿಸಿದ ತಿದ್ದುಪಡಿ ಮಸೂದೆ ಚಿಕ್ಕಪುಟ್ಟದಲ್ಲ. ಕೋರ್ಟಿನ ಹೊರಗೇ ಸಾಲ ಕೊಟ್ಟವರು ಶುರು ಮಾಡುವ ಹೊಸ ಪ್ರಕ್ರಿಯೆ, ಒಂದೇ ಗುಂಪಿನ ಕಂಪನಿಗಳ ದಿವಾಳಿ, ಗಡಿ ದಾಟಿದ ದಿವಾಳಿ, ಬಾಕಿ ಸಾಬೀತಾದರೆ ಅರ್ಜಿ ತಗೊಳ್ಳಲೇಬೇಕು ಅನ್ನುವ ಮಾತು, ಎಲ್ಲವೂ ಅದರಲ್ಲಿತ್ತು. ವಿದರ್ಭ ತೀರ್ಪಿನ ಮೇಲೆ ಬರೆದ ಟಿಪ್ಪಣಿಗಳನ್ನೆಲ್ಲ ಮತ್ತೆ ತಿದ್ದುವ ಸರದಿ.

ಅಲ್ಲಿಯವರೆಗೆ ಕಕ್ಷಿದಾರರು ಏನು ಮಾಡಬೇಕು? ದಿವಾಳಿ ಕೇಸಿಗೆ ವಕೀಲರನ್ನು ಗೊತ್ತು ಮಾಡುವಾಗ ಫೀಸು ಮಾತಾಡುವ ಮುಂಚೆ ಒಂದು ಪ್ರಶ್ನೆ ಕೇಳಿ ನೋಡಿ: ‘ಸಾರ್, ಎನ್‌ಸಿಎಲ್‌ಟಿ ಆರ್ಡರ್ ನಮ್ಮ ವಿರುದ್ಧ ಬಂದರೆ ಅಪೀಲಿಗೆ ಎಷ್ಟು ದಿನ, ಯಾವತ್ತಿನಿಂದ ಎಣಿಸುತ್ತಾರೆ?’ ‘ಕಾಪಿ ಬಂದ ಮೇಲೆ ನೋಡೋಣ ಬಿಡಿ’ ಅಂದರೆ ಕಾಫಿ ಕುಡಿದು ನಮಸ್ಕಾರ ಹೇಳಿ ಎದ್ದು ಬನ್ನಿ. ‘ಆರ್ಡರ್ ಹೇಳಿದ ದಿನವೇ ಕಾಪಿಗೆ ಅರ್ಜಿ ಹಾಕಿಬಿಡುತ್ತೇನೆ’ ಅಂದರೆ ಫೈಲು ತೆಗೆದು ಮೇಜಿನ ಮೇಲಿಡಿ.